ಕಪ್ಪು ಪಟ್ಟಿಯ ಪ್ರಶ್ನೆ

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ'ಗೆ 2025ರ ಆಗಸ್ಟ್ 15ಕ್ಕೆ ಐವತ್ತು ವರ್ಷ ತುಂಬಿತು. ಆ ನಿಮಿತ್ತ ಜೀರ್ಣೋದ್ಧಾರಗೊಂಡ ಚಿತ್ರವನ್ನು ಅದೇ ವರ್ಷದ ಜೂನ್ ತಿಂಗಳಲ್ಲಿ ಇಟಲಿಯ ಬೊಲೋನ್ಯಾ ನಗರದ ಬಯಲಿನಲ್ಲಿ ಪ್ರದರ್ಶಿಸಿದರು. ಡಿಸೆಂಬರಿನಲ್ಲಿ ಅದು ನಮ್ಮ ದೇಶದ ಚಿತ್ರಮಂದಿರಗಳಿಗೂ ಬಂದಿತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಸೆನ್ಸಾರ್ ಮಂಡಲಿಯ ಒತ್ತಾಯಕ್ಕೆ ಮಣಿದು ಬದಲಿಸಿದ್ದ ಮುಕ್ತಾಯ, ಎಂದರೆ ಕೈಗಳಿಲ್ಲದ ಠಾಕೂರನು ಗಬ್ಬರನನ್ನು ಕೊಂದೇ ತೀರುವ ಮೂಲ ಮುಕ್ತಾಯ, ಮರಳಿ ಸೇರಿದೆಯೆಂಬ ವಾರ್ತೆಗೆ ಪತ್ರಿಕೆಗಳು ಸಾಕಷ್ಟು ಸ್ಥಳ ಕೊಟ್ಟವು. ಅದು ಸಹಜವೇ. ಆದರೆ ಅದೇ ವಾರ್ತೆಯೊಳಗೆ ಅಡಗಿದ್ದ ಇನ್ನೊಂದು ಮಾತನ್ನು ಗಮನಿಸಿದವರು ಕಡಿಮೆ. ಚಿತ್ರದ ಕಥೆ ಮಾತ್ರವಲ್ಲ, ಚಿತ್ರದ ಆಕಾರವೂ ಮರಳಿ ಬಂದಿತ್ತು. ಅಗಲವು ಎತ್ತರದ 2.20 ಪಾಲಿರುವ, ಎಪ್ಪತ್ತು ಮಿಲಿಮೀಟರ್ ಪ್ರತಿಗಳಲ್ಲಿ ಇದ್ದ ಆ ಮೂಲ ಚೌಕಟ್ಟಿನಲ್ಲಿಯೇ ಅದನ್ನು ತೋರಿಸಲಾಯಿತು.

'ಶೋಲೆ'ಯನ್ನು ನೂರು ಸಲ ನೋಡಿದ್ದೇವೆ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಬಹುಮಂದಿ ನೋಡಿದ್ದು ಟೆಲಿವಿಷನ್ನಿನಲ್ಲಿ. ಹಾಗಾದರೆ ಅವರು ನೋಡಿದ್ದು ಯಾವ 'ಶೋಲೆ'? ಪ್ರಶ್ನೆ ಮೊದಲ ನೋಟಕ್ಕೆ ವಿತಂಡವೆನಿಸಬಹುದು. ಈಚೆಗೆ ನಡೆದ ಒಂದು ಪ್ರಸಂಗವನ್ನು ಹೇಳಿದರೆ ವಾಚಕರಿಗೆ ಅದರ ತೂಕ ತಿಳಿದೀತು.

ಅಕ್ಕನ ಮನೆಯಲ್ಲಿ ಒಂದು ಭಾನುವಾರ ಸಂಜೆ ಗುರುದತ್ತರ 'ಕಾಗಜ್ ಕೇ ಫೂಲ್' ನೋಡಲು ಕುಳಿತಿದ್ದೆವು. ಗೋಡೆಯ ಮೇಲೆ ಹೊಸ ಟಿ.ವಿ.; ಐವತ್ತೈದು ಅಂಗುಲದ್ದು. ಚಿತ್ರ ಆರಂಭವಾದೊಡನೆ ಪರದೆಯ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ ಕಾಣಿಸಿಕೊಂಡವು. ಎಂಜಿನಿಯರಿಂಗ್ ಓದುತ್ತಿರುವ ಅಳಿಯ ತಡಮಾಡಲಿಲ್ಲ. ರಿಮೋಟ್ ಕೈಗೆತ್ತಿಕೊಂಡು ಯಾವುದೋ ಗುಂಡಿ ಒತ್ತಿದ. ಪಟ್ಟಿಗಳು ಮಾಯವಾದವು, ಚಿತ್ರ ಪರದೆಯ ತುಂಬ ಹರಡಿಕೊಂಡಿತು. "ಇಷ್ಟು ದುಡ್ಡು ಕೊಟ್ಟು ತಂದದ್ದು ಕಪ್ಪು ಪಟ್ಟಿ ನೋಡುವುದಕ್ಕೇ, ಮಾವ?" ಎಂದು ನನ್ನನ್ನೇ ಕೇಳಿದ. ಉತ್ತರ ಸುಲಭವಾಗಿರಲಿಲ್ಲ. ಕಪ್ಪು ಪಟ್ಟಿ ನಷ್ಟ, ತುಂಬಿದ ಪರದೆ ಲಾಭ ಎಂಬ ಲೆಕ್ಕ ಅವನೊಬ್ಬನದಲ್ಲ, ಮನೆಮನೆಯದು. ಆದರೆ ಆ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಚಿತ್ರದ ಅಗಲದಲ್ಲಿ ಕಾಲು ಭಾಗದಷ್ಟು ಎಡಬಲಗಳಲ್ಲಿ ಗೋಡೆಯೊಳಗೆ ಇಳಿದುಹೋಗಿತ್ತು.

ಈ ಪಟ್ಟಿಗಳು ಎಲ್ಲಿಂದ ಬಂದವು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಡಿಸನ್ನರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಡಿಕ್ಸನ್ ಎಂಬ ತಂತ್ರಜ್ಞ 1890ರ ದಶಕದ ಆರಂಭದಲ್ಲಿ 35 ಮಿ.ಮೀ. ಅಗಲದ ಫಿಲ್ಮಿನಲ್ಲಿ ಒಂದೊಂದು ಚಿತ್ರಕ್ಕೆ ನಾಲ್ಕು ರಂಧ್ರಗಳ ಎತ್ತರವನ್ನು ಗೊತ್ತುಮಾಡಿದ. ಅಗಲ ನಾಲ್ಕು, ಎತ್ತರ ಮೂರು ಎಂಬ ಪ್ರಮಾಣ ಹುಟ್ಟಿದ್ದು ಹೀಗೆ. ಸೌಂದರ್ಯಶಾಸ್ತ್ರದ ಗ್ರಂಥಗಳನ್ನು ತಿರುವಿ ಅದನ್ನು ಯಾರೂ ಆರಿಸಲಿಲ್ಲ. ವಾಕ್ಚಿತ್ರ ಬಂದು ಫಿಲ್ಮಿನ ಅಂಚಿನಲ್ಲಿ ಶಬ್ದಕ್ಕೆ ಎಡೆ ಕೊಡಬೇಕಾದಾಗ, 1932ರಲ್ಲಿ ಅಮೆರಿಕದ ಅಕಾಡೆಮಿಯು ಅದನ್ನು ಕೊಂಚ ತಿದ್ದಿ 1.37ಕ್ಕೆ ನಿಲ್ಲಿಸಿತು. ನಮ್ಮ ಮೂಕಿಚಿತ್ರಗಳು, ಆಮೇಲಿನ ಕಪ್ಪುಬಿಳುಪಿನ ಕನ್ನಡ ಚಿತ್ರಗಳು ಎಲ್ಲವೂ ಹೆಚ್ಚುಕಡಿಮೆ ಈ ಚೌಕಟ್ಟಿನಲ್ಲಿಯೇ ಬಾಳಿದವು. ಟೆಲಿವಿಷನ್ ಹುಟ್ಟಿದಾಗ ಅದು ಸಹ ಸಿನೆಮಾದಿಂದ ಇದೇ ಆಕಾರವನ್ನು ಎರವಲು ಪಡೆಯಿತು.

ಮುಂದೆ ನಡೆದದ್ದು ವಿನೋದದ ಸಂಗತಿ. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರೇಕ್ಷಕ ಮನೆಯಲ್ಲಿ ಉಳಿಯತೊಡಗಿದ. ಮನೆಯ ಪೆಟ್ಟಿಗೆ ಕೊಡಲಾರದ್ದನ್ನು ಕೊಡಬೇಕೆಂದು ಚಿತ್ರೋದ್ಯಮಿಗಳು ಆಲೋಚಿಸಿದರು. ಬಾಡಿಗೆಗೆ ಬಂದವನಿಗೆ ಮನೆಯನ್ನು ಬಿಟ್ಟುಕೊಟ್ಟು ಯಜಮಾನನೇ ಬೇರೆ ಮನೆ ಕಟ್ಟಿಕೊಂಡ ಹಾಗೆ, ಸಿನೆಮಾ ತನ್ನ ಹಳೆಯ ಆಕಾರವನ್ನು ಟೆಲಿವಿಷನ್ನಿಗೆ ಬಿಟ್ಟು ಅಗಲಕ್ಕೆ ಹೊರಟಿತು. 1952ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂರು ಪ್ರೊಜೆಕ್ಟರುಗಳಿಂದ ಬಾಗಿದ ಪರದೆಯ ಮೇಲೆ ಬೀಳುವ ಸಿನೆರಾಮಾ ಬಂದಿತು. ಅದು ದುಬಾರಿ ವ್ಯವಸ್ಥೆ. ಎಲ್ಲ ಚಿತ್ರಮಂದಿರಗಳಿಗೂ ಎಟುಕುವಂಥದಲ್ಲ. ಮರುವರ್ಷ ಫಾಕ್ಸ್ ಸಂಸ್ಥೆ ಅದಕ್ಕಿಂತ ಜಾಣತನದ ಉಪಾಯ ಹೂಡಿತು. ಆನ್ರಿ ಕ್ರೆತಿಯೆನ್ ಎಂಬ ಫ್ರೆಂಚ್ ವಿಜ್ಞಾನಿ 1920ರ ದಶಕದಲ್ಲಿಯೇ ಒಂದು ಮಸೂರವನ್ನು ನಿರ್ಮಿಸಿದ್ದ. ಅದು ವಿಶಾಲವಾದ ದೃಶ್ಯವನ್ನು ಎಡಬಲಗಳಿಂದ ಹಿಂಡಿ ಸಾಮಾನ್ಯ 35 ಮಿ.ಮೀ. ಫಿಲ್ಮಿನೊಳಗೆ ತುಂಬುತ್ತದೆ, ಪ್ರದರ್ಶನದ ಹೊತ್ತಿಗೆ ಅದರ ಜೋಡಿ ಮಸೂರ ಹಿಂಡಿದ್ದನ್ನು ಮತ್ತೆ ಬಿಡಿಸುತ್ತದೆ. ಒದ್ದೆ ಪಂಚೆಯನ್ನು ಹಿಂಡಿ ಬಕೆಟ್ಟಿನಲ್ಲಿ ಒಯ್ದು ತಂತಿಯ ಮೇಲೆ ಹರವಿದಂತೆ ಎನ್ನಬಹುದು. ಇದಕ್ಕೆ ಸಿನೆಮಾಸ್ಕೋಪ್ ಎಂದು ಹೆಸರಿಟ್ಟರು. 1953ರ ಸೆಪ್ಟೆಂಬರಿನಲ್ಲಿ 'ದಿ ರೋಬ್' ಚಿತ್ರದೊಡನೆ ಅದು ಲೋಕಕ್ಕೆ ಪರಿಚಯವಾಯಿತು. ಮೊದಲು 2.55, ಸ್ವಲ್ಪ ಕಾಲದ ಮೇಲೆ 2.35: ಇದು ಅದರ ಪ್ರಮಾಣ.

ಎಂದ ಮೇಲೆ ಈ ಅಗಲವೂ ವ್ಯಾಪಾರದ ಕೂಸೇ. ಕಲಾವಿದರು ಆರಂಭದಲ್ಲಿ ಅದನ್ನು ಆದರದಿಂದ ಬರಮಾಡಿಕೊಳ್ಳಲೂ ಇಲ್ಲ. ಹಾವುಗಳಿಗೂ ಶವಯಾತ್ರೆಗಳಿಗೂ ಮಾತ್ರ ಒಪ್ಪುವ ಆಕಾರ ಇದೆಂಬ ಕುಹಕವನ್ನು ಗೊದಾರ್ ತನ್ನ 1963ರ 'ಲ ಮೆಪ್ರಿ'ಯಲ್ಲಿ ನಿರ್ದೇಶಕ ಫ್ರಿಟ್ಜ್ ಲಾಂಗರ ಬಾಯಿಂದಲೇ ಆಡಿಸಿದ; ಆ ಚಿತ್ರವನ್ನು ತೆಗೆದದ್ದು ಮಾತ್ರ ಅದೇ ಅಗಲದ ಚೌಕಟ್ಟಿನಲ್ಲಿ. ಹುಟ್ಟು ಎಲ್ಲಿಯದೇ ಆಗಲಿ, ಒಮ್ಮೆ ಸಮರ್ಥನ ಕೈಗೆ ಸಿಕ್ಕಿದ ಮೇಲೆ ಚೌಕಟ್ಟು ವ್ಯಾಪಾರಿಯದಾಗಿ ಉಳಿಯುವುದಿಲ್ಲ. ಷಟ್ಪದಿ ಯಾರದೇ ಆಗಿರಲಿ, ಕುಮಾರವ್ಯಾಸ ಮುಟ್ಟಿದ ಮೇಲೆ ಅದರ ಒಂದು ಪಾದವನ್ನು ಕಿತ್ತುಹಾಕಿ ಉಳಿದದ್ದನ್ನು ಪದ್ಯವೆನ್ನಲು ಬರುತ್ತದೆಯೆ?

'ಕಾಗಜ್ ಕೇ ಫೂಲ್' ಇದಕ್ಕೆ ನಮ್ಮ ದೇಶದ ಅತ್ಯುತ್ತಮ ನಿದರ್ಶನ. 1959ರಲ್ಲಿ ತೆರೆಕಂಡ ಈ ಚಿತ್ರ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಾಹಕ ವಿ.ಕೆ. ಮೂರ್ತಿ ನಮ್ಮವರು, 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಕಥೆ ಒಬ್ಬ ಚಿತ್ರನಿರ್ದೇಶಕನದು. ಅವನ ಏಳು, ಅವನ ಬೀಳು. ಮನೆಯಿಲ್ಲದ ಆ ಮನುಷ್ಯನಿಗೆ ಸ್ಟುಡಿಯೋ ಒಂದೇ ಮನೆ. ಮೂರ್ತಿಯವರು ಅಗಲವಾದ ಚೌಕಟ್ಟನ್ನು ಬಳಸಿದ್ದು ದಂಡು, ರಥ, ಅರಮನೆಗಳನ್ನು ತೋರಿಸಲು ಅಲ್ಲ. ಖಾಲಿ ಜಾಗವನ್ನು ತೋರಿಸಲು. ಸಿನೆಮಾಸ್ಕೋಪಿನ ಜನ್ಮದಾತರು ಇಂಥದೊಂದನ್ನು ಕನಸಿನಲ್ಲಿಯೂ ನೆನೆದಿರಲಾರರು.

ಆ ಚಿತ್ರದ ಹೆಸರಾಂತ ಗೀತಸನ್ನಿವೇಶವನ್ನೇ ನೋಡಿ. ನಿರ್ಜನವಾದ ವಿಶಾಲ ಸ್ಟುಡಿಯೋ. ನಾಯಕ, ನಾಯಿಕೆ ದೂರ ದೂರದಲ್ಲಿ ನಿಂತಿದ್ದಾರೆ. ಎತ್ತರದಿಂದ ಒಂದು ಬೆಳಕಿನ ಕೋಲು ಓರೆಯಾಗಿ ಇಳಿದು ಕತ್ತಲೆಯನ್ನು ಸೀಳುತ್ತದೆ. ಇಬ್ಬರೂ ಅಲುಗುವುದಿಲ್ಲ, ಅವರ ಛಾಯಾರೂಪಗಳು ಮಾತ್ರ ದೇಹಗಳಿಂದ ಎದ್ದು ನಡೆದು ಆ ಬೆಳಕಿನಲ್ಲಿ ಒಂದಾಗುತ್ತವೆ. ಆ ಬೆಳಕಿಗಾಗಿ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ಬಳಸಿದರು. ಹೊರಗಿನ ಕನ್ನಡಿ ಬಿಸಿಲನ್ನು ಒಳಕ್ಕೆ ತಳ್ಳಿತು, ಒಳಗಿನದು ಅದನ್ನು ಬೇಕಾದ ಕಡೆಗೆ ತಿರುಗಿಸಿತು. ವಿದ್ಯುದ್ದೀಪದಿಂದ ಬರಲಾರದ ಹದ ಆಗ ಬಂದಿತು. ಸನ್ನಿವೇಶದ ಭಾವವೆಲ್ಲ ನಿಂತಿರುವುದು ಅವರಿಬ್ಬರ ನಡುವಣ ದೂರದ ಮೇಲೆ. ಪಕ್ಕಗಳನ್ನು ಕತ್ತರಿಸಿದರೆ ದೂರ ಕಡಿಮೆಯಾಗುತ್ತದೆ. ದೂರ ಕಡಿಮೆಯಾದರೆ ಆ ಛಾಯಾರೂಪಗಳು ಏಕೆ ನಡೆಯಬೇಕಾಯಿತು ಎಂಬುದೇ ತಿಳಿಯುವುದಿಲ್ಲ. ಅಕ್ಕನ ಮನೆಯ ಪರದೆಯಲ್ಲಿ ಆ ಸಂಜೆ ಇಬ್ಬರೂ ಅಂಚಿಗೆ ಒತ್ತಿಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ನಿಂತವರಂತೆ ಕಾಣುತ್ತಿದ್ದರು.

ಚಿತ್ರ ಅಂದು ಸೋತಿತು. ಗುರುದತ್ತರು ಮತ್ತೆ ನಿರ್ದೇಶಕನೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಕಾಲ ಎಂಥ ಚೇಷ್ಟೆ ಮಾಡುತ್ತದೆ ನೋಡಿ: ಭಾರತದ ಪರದೆ ಅಗಲವಾದ ಆ 1959ರಲ್ಲಿಯೇ, ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ ನಮ್ಮ ಟೆಲಿವಿಷನ್ ಪ್ರಸಾರವೂ ಆರಂಭವಾಯಿತು.

ಅಗಲದ ಚಿತ್ರಗಳು ಪುಟ್ಟ ಪೆಟ್ಟಿಗೆಯೊಳಗೆ ಬರಬೇಕಾದಾಗ ಏನಾಯಿತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಟೆಲಿವಿಷನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಸಿಗೆಗೆ ಮೀರಿದ ಕಾಲನ್ನೇ ಕತ್ತರಿಸಿದರು. 1961ರಲ್ಲಿ ಅಮೆರಿಕದ ಎನ್‌ಬಿಸಿ ಜಾಲ ಶನಿವಾರ ರಾತ್ರಿಗಳಲ್ಲಿ ಚಲನಚಿತ್ರಗಳನ್ನು ಬಿತ್ತರಿಸಲಾರಂಭಿಸಿದಾಗ ತೋರಿಸಿದ ಮೊದಲ ಚಿತ್ರವೇ ಸಿನೆಮಾಸ್ಕೋಪಿನದು. 2.35ರ ಚಿತ್ರವನ್ನು 1.33ರ ಪೆಟ್ಟಿಗೆಯ ತುಂಬ ತೋರಿಸಬೇಕಾದರೆ ನೂರರಲ್ಲಿ ನಲವತ್ತಮೂರು ಪಾಲು ಹೊರಗುಳಿಯಬೇಕು. ಒಳಗಿಡುವುದು ಯಾವುದು, ಹೊರಹಾಕುವುದು ಯಾವುದು ಎಂದು ಕ್ಷಣಕ್ಷಣಕ್ಕೂ ನಿರ್ಧರಿಸಲು ಒಬ್ಬ ತಂತ್ರಜ್ಞ ಕುಳಿತ. ಇಬ್ಬರು ಮಾತನಾಡುತ್ತಿದ್ದರೆ ಒಮ್ಮೆ ಇವನ ಕಡೆ, ಒಮ್ಮೆ ಅವಳ ಕಡೆ ಚೌಕಟ್ಟನ್ನು ಜಾರಿಸಿದ. ಪ್ಯಾನ್ ಅಂಡ್ ಸ್ಕ್ಯಾನ್ ಎಂಬುದು ಈ ಕಸಬಿನ ಹೆಸರು. ನಿರ್ದೇಶಕನು ತಿರುಗಿಸದ ಕ್ಯಾಮೆರಾ ತಿರುಗಿತು, ಅವನು ಕತ್ತರಿಸದ ಕಡೆ ಕತ್ತರಿ ಬಿದ್ದಿತು. ಮಾತನಾಡುವವನ ಮುಖ ಉಳಿಯಿತು, ಕೇಳುವವಳ ಮೌನ ಹೋಯಿತು. ನಾಟಕ ಬಲ್ಲವರಿಗೆ ಎರಡರಲ್ಲಿ ಯಾವುದು ಹೆಚ್ಚೆಂದು ಹೇಳಬೇಕಾಗಿಲ್ಲ.

ಇದಕ್ಕೆ ಪರ್ಯಾಯವೆಂದರೆ ಚಿತ್ರವನ್ನು ಇಡಿಯಾಗಿ ತೋರಿಸಿ ಮೇಲೆ ಕೆಳಗೆ ಕಪ್ಪಾಗಿ ಬಿಡುವುದು. ಅಂಚೆಪೆಟ್ಟಿಗೆಯ ಬಾಯಿಯ ಹೋಲಿಕೆಯಿಂದ ಅದಕ್ಕೆ ಲೆಟರ್‌ಬಾಕ್ಸ್ ಎಂಬ ಹೆಸರಾಯಿತು. ವೂಡಿ ಅಲೆನ್ ತನ್ನ 1979ರ 'ಮ್ಯಾನ್‌ಹ್ಯಾಟನ್' ಮನೆಯ ವೀಡಿಯೊಗೆ ಬರುವಾಗ ಹೀಗಲ್ಲದೆ ಬೇರೆ ರೀತಿಯಲ್ಲಿ ಬರಕೂಡದೆಂದು ಹಟಹಿಡಿದ. ಹಟ ಗೆದ್ದಿತು, ಆದರೆ ಅಂಥ ಹಟ ಹಿಡಿಯುವಷ್ಟು ಅಧಿಕಾರ ಎಷ್ಟು ಜನರಿಗೆ ಇರುತ್ತದೆ?

ಇಂದು ನಮ್ಮ ಗೋಡೆಗಳ ಮೇಲಿರುವ 16:9ರ ಪರದೆ ಈ ಜಗಳವನ್ನು ತೀರಿಸಲೆಂದೇ ಹುಟ್ಟಿದ್ದು. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕನ್ ಎಂಜಿನಿಯರ್ ಬಳಕೆಯಲ್ಲಿದ್ದ ಚೌಕಟ್ಟುಗಳನ್ನೆಲ್ಲ ಸಮಾನ ಕ್ಷೇತ್ರಫಲದ ಆಯತಗಳನ್ನಾಗಿಸಿ ಒಂದರ ಮೇಲೊಂದು ಇಟ್ಟು ನೋಡಿದ. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತಕ್ಕೂ, ಎಲ್ಲಕ್ಕೂ ಸಮಾನವಾದ ಒಳಗಿನ ಆಯತಕ್ಕೂ ಒಂದೇ ಪ್ರಮಾಣ ಬಂದಿತು: ಸುಮಾರು 1.77. ಗಣಿತದ ವಿದ್ಯಾರ್ಥಿಗಳು ಇಲ್ಲಿ ಒಂದು ಸೊಗಸನ್ನು ಗಮನಿಸಬಹುದು. ನಾಲ್ಕು ಭಾಗ ಮೂರರ ವರ್ಗ ಹದಿನಾರು ಭಾಗ ಒಂಬತ್ತು; ಅದರ ಘನ ಹೆಚ್ಚುಕಡಿಮೆ ಸಿನೆಮಾಸ್ಕೋಪ್. ಹಳೆಯ ಟಿ.ವಿ.ಗೂ ಅಗಲದ ಸಿನೆಮಾಗೂ ಸರಿಯಾಗಿ ನಡುಮಧ್ಯೆ ನಿಂತ ಪ್ರಮಾಣ ಇದು. ಆದರೆ ಮಧ್ಯಸ್ಥನ ಪಾಡು ಗೊತ್ತಿರುವುದೇ. ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲ. ಸಿನೆಮಾಸ್ಕೋಪ್ ಚಿತ್ರ ಬಂದರೆ ಮೇಲೆ ಕೆಳಗೆ ಕಪ್ಪು, ಹಳೆಯ ಚಿತ್ರ ಬಂದರೆ ಎಡಬಲದಲ್ಲಿ ಕಪ್ಪು. ಎರಡು ಸಂದರ್ಭಗಳಲ್ಲಿಯೂ ಪರದೆಯ ಕಾಲು ಭಾಗದಷ್ಟು ಖಾಲಿ ಉಳಿಯುತ್ತದೆ.

ಈ ಖಾಲಿಯನ್ನು ಸಹಿಸದ ಮನಸ್ಸು ಈಗ ಹಿಂದಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಕತ್ತರಿಯಾಡಿಸುತ್ತಿದೆ. ಹಿಂದೆ ಅಗಲದ ಚಿತ್ರಗಳಿಗೆ ಪಕ್ಕಗಳು ಹೋದವು. ಈಗ ಹಳೆಯ ಚಿತ್ರಗಳಿಗೆ ತಲೆಯೂ ಕಾಲೂ ಹೋಗುತ್ತಿವೆ. 2019ರಲ್ಲಿ ಡಿಸ್ನಿಯ ಅಂತರ್ಜಾಲ ವಾಹಿನಿ 'ದಿ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಮಾಲಿಕೆಯ ಹಳೆಯ ಕಂತುಗಳನ್ನು ಮೇಲೆ ಕೆಳಗೆ ಕತ್ತರಿಸಿ ಅಗಲದ ಪರದೆಗೆ ಹೊಂದಿಸಿತು. ಒಂದು ಕಂತಿನಲ್ಲಿ ಮೂರು ಬಗೆಯ ಬಿಯರ್ ಎಂದು ಹೆಮ್ಮೆಯಿಂದ ತೋರಿಸುವ ಮೂರು ಪೀಪಾಯಿಗಳಿಗೂ ಒಂದೇ ಕೊಳವೆಯಿಂದ ಬಿಯರ್ ಬರುತ್ತಿರುತ್ತದೆ. ನಗೆಯೆಲ್ಲ ಇದ್ದದ್ದು ಚಿತ್ರದ ನೆತ್ತಿಯ ಆ ಕೊಳವೆಯಲ್ಲಿ. ಕತ್ತರಿ ಬಿದ್ದದ್ದೂ ಅಲ್ಲಿಯೇ. ಪ್ರೇಕ್ಷಕರು ಗಲಾಟೆ ಮಾಡಿದ ಮೇಲೆ 2020ರಲ್ಲಿ ಮೂಲ ಆಕಾರದಲ್ಲಿಯೂ ನೋಡುವ ಅವಕಾಶವಾಯಿತು. ನಮ್ಮಲ್ಲಿ ಅಂಥ ಗಲಾಟೆ ಕೇಳಿಬರುವುದಿಲ್ಲ. 'ಮೊಘಲ್-ಎ-ಆಜಂ' 2004ರಲ್ಲಿ, ತೆಲುಗಿನ 'ಮಾಯಾಬಜಾರ್' 2010ರಲ್ಲಿ ಬಣ್ಣ ಹಚ್ಚಿಸಿಕೊಂಡು ಬಂದಾಗ ಬಣ್ಣದ ಬಗ್ಗೆ ಚರ್ಚೆ ನಡೆಯಿತು. ಅಗಲದ ಪರದೆಗಾಗಿ ಎತ್ತರವನ್ನು ಇಳಿಸಿದ ಬಗ್ಗೆ ಮಾತೇ ಇಲ್ಲ.

ಕನ್ನಡದ ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡುವವರಿಗೆ ನಾನು ಹೇಳುವುದು ಹೊಸತಲ್ಲ. ಒಂದು ಪ್ರತಿಯಲ್ಲಿ ಹಣೆಯ ಕುಂಕುಮದಿಂದ ಮೇಲಕ್ಕೆ ನಾಯಿಕೆಯೇ ಇಲ್ಲ. ಇನ್ನೊಂದರಲ್ಲಿ ಚಿತ್ರವನ್ನು ಅಡ್ಡಕ್ಕೆ ಎಳೆದಿರುವುದರಿಂದ ಎಲ್ಲರ ಮುಖವೂ ಊದಿಕೊಂಡಿದೆ. ನಡೆಯುವವರು ತೆವಳಿದಂತೆ ಕಾಣುತ್ತಾರೆ. ಚಪ್ಪಟೆ ಟಿ.ವಿ.ಗಳು ಹೊಸದಾಗಿ ಬಂದಾಗ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಇದೇ ಊದಿದ ಮುಖಗಳನ್ನು ನೋಡಿ ಒಗ್ಗಿಹೋದೆವು. ಇದು ಅಭಿರುಚಿಯ ಪ್ರಶ್ನೆ ಮಾತ್ರವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ಇಂದು ನೋಡಲು ಉಳಿದಿಲ್ಲ ಎಂಬುದನ್ನು ನೆನೆಯಬೇಕು. 'ಶೋಲೆ'ಯಂಥ 'ಶೋಲೆ'ಗೇ ಎಪ್ಪತ್ತು ಮಿಲಿಮೀಟರಿನ ಒಂದು ಪ್ರತಿಯೂ ಉಳಿದಿರಲಿಲ್ಲ. ಮೂಲ ನೆಗೆಟಿವ್ ರಾಸಾಯನಿಕ ಕ್ಷಯಕ್ಕೆ ತುತ್ತಾಗಿ ಹಾಳಾಗಿತ್ತು. ಬ್ರಿಟನ್ನಿನ ಉಗ್ರಾಣವೊಂದರಲ್ಲಿ ದೊರೆತ ಪ್ರತಿಗಳು ಇಲ್ಲದಿದ್ದರೆ ಜೀರ್ಣೋದ್ಧಾರ ದುಸ್ಸಾಧ್ಯವಾಗುತ್ತಿತ್ತು. ಅಷ್ಟು ಹಣ, ಅಷ್ಟು ಖ್ಯಾತಿ ಇಲ್ಲದ ಕನ್ನಡ ಚಿತ್ರಗಳ ಗತಿಯೇನು? ಫಿಲ್ಮು ಕೊಳೆತ ಮೇಲೆ ಯಾರೋ ಆತುರದಲ್ಲಿ ಏರಿಸಿದ ಕತ್ತರಿಸಿದ ಪ್ರತಿಯೇ ಆ ಚಿತ್ರವಾಗಿಬಿಡುತ್ತದೆ. ಓಲೆಗರಿಯ ಅಂಚು ಮುರಿದಿದ್ದರೆ ಸಂಪಾದಕನು ಇಲ್ಲಿ ಇಷ್ಟು ಅಕ್ಷರ ಲುಪ್ತವಾಗಿದೆ ಎಂದು ಗುರುತು ಹಾಕುತ್ತಾನೆ. ಇಲ್ಲಿ ಆ ಗುರುತೂ ಇಲ್ಲ. ಲೋಪವೇ ಪಾಠವಾಗಿ ನಿಲ್ಲುತ್ತದೆ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. 'ಶೋಲೆ'ಯನ್ನೇ ಕತ್ತರಿಸಿ ಮಾಡಲಿಲ್ಲವೆ? ನಿಜ. ಎಪ್ಪತ್ತು ಮಿಲಿಮೀಟರಿನ ಕಚ್ಚಾ ಫಿಲ್ಮು ದುಬಾರಿಯೆಂದು ಸಾಮಾನ್ಯ 35 ಮಿ.ಮೀ.ನಲ್ಲಿ ಚಿತ್ರೀಕರಿಸಿ, ಆಮೇಲೆ ಲಂಡನ್ನಿನಲ್ಲಿ ದೊಡ್ಡದು ಮಾಡಿಸಿದರು. ಮೇಲೆ ಕೆಳಗೆ ಸಾಕಷ್ಟು ಹೋಯಿತು. ಆದರೆ ರಮೇಶ್ ಸಿಪ್ಪಿ ಮತ್ತು ಛಾಯಾಗ್ರಾಹಕ ದ್ವಾರಕಾ ದಿವೇಚಾ ರಾಮನಗರದ ಬಿಸಿಲಿನಲ್ಲಿ ನಿಂತಾಗಲೇ ಕ್ಯಾಮೆರಾದ ಗಾಜಿನಲ್ಲಿ ಆ ಅಂಚುಗಳನ್ನು ಗುರುತುಮಾಡಿಕೊಂಡಿದ್ದರು. ಯಾವ ಬಂಡೆ ಒಳಗೆ, ಯಾವ ಆಕಾಶ ಹೊರಗೆ ಎಂಬುದು ಅವರಿಗೆ ತಿಳಿದಿತ್ತು. ಕತ್ತರಿಸುವುದು ತಪ್ಪೆಂದಲ್ಲ, ಗೆರೆಯನ್ನು ಎಳೆದವರು ಯಾರು ಎಂಬುದು ವಿಷಯ. ಚಿತ್ರಮಂದಿರಗಳೂ ಇದರಲ್ಲಿ ನಿರಪರಾಧಿಗಳಲ್ಲ. 1953ರ 'ಶೇನ್' ಚಿತ್ರವನ್ನು ಹಳೆಯ ಚೌಕಟ್ಟಿಗೆಂದು ತೆಗೆದಿದ್ದರೂ, ಅಗಲದ ಹುಚ್ಚು ಹತ್ತಿದ ಆ ವರ್ಷ ಅದರ ನೆತ್ತಿಯನ್ನೂ ಪಾದವನ್ನೂ ಮರೆಮಾಡಿ ತೋರಿಸಿದರು. ಗೆರೆ ಎಳೆದವನೇ ಮನಸ್ಸು ಬದಲಿಸಿದರೆ? ಇಟಲಿಯ ಮಹಾನ್ ಛಾಯಾಗ್ರಾಹಕ ವಿತ್ತೋರಿಯೋ ಸ್ತೋರಾರೋ 1998ರಲ್ಲಿ ಎಲ್ಲ ಪರದೆಗಳಿಗೂ ಎರಡಕ್ಕೊಂದರ ಪ್ರಮಾಣವೇ ಇರಲೆಂದು ಸೂಚಿಸಿ, ತಾನು ಹಿಂದೆ ತೆಗೆದ 'ಅಪೋಕಲಿಪ್ಸ್ ನೌ' ಚಿತ್ರದ ಅಂಚುಗಳನ್ನೇ ಮನೆಯ ಪ್ರತಿಗಳಲ್ಲಿ ಕತ್ತರಿಸಿದ. ಅವನ ಪ್ರತಿಭೆಗೆ ನಮಸ್ಕಾರ. ಆದರೆ 1979ರಲ್ಲಿ ಲೋಕ ನೋಡಿದ ಚಿತ್ರವನ್ನು ಅವನಿಂದಲೂ ರಕ್ಷಿಸಬೇಕಾಗುತ್ತದೆ ಎಂದು ನನಗೆ ತೋರುತ್ತದೆ.

ಅಗಲವೇ ಶ್ರೇಷ್ಠವೆಂದು ವಾದಿಸುವುದೂ ನನ್ನ ಉದ್ದೇಶವಲ್ಲ. 1930ರಲ್ಲಿಯೇ ಐಸೆನ್‌ಸ್ಟೈನ್ ಹಾಲಿವುಡ್ಡಿನಲ್ಲಿ ಮಾತನಾಡಿ, ಎತ್ತರಕ್ಕೆ ನಿಲ್ಲುವ ರಚನೆಗಳಿಗೂ ಎಡೆ ಬೇಕು, ಅದಕ್ಕಾಗಿ ಪರದೆ ಚಚ್ಚೌಕವಾಗಿರಲಿ ಎಂದಿದ್ದ. ಇಂದು ಹುಡುಗರು ಫೋನನ್ನು ನೆಟ್ಟಗೆ ಹಿಡಿದು ನೋಡುವ ಉದ್ದುದ್ದ ಚಿತ್ರಿಕೆಗಳನ್ನು ಕಂಡು ಮೂಗು ಮುರಿಯುವವರು ಇದನ್ನು ನೆನೆಯಬೇಕು. ಶ್ರವಣಬೆಳಗೊಳದ ಗೊಮ್ಮಟನನ್ನು ಸಿನೆಮಾಸ್ಕೋಪಿನಲ್ಲಿ ತೋರಿಸುವುದು ಕಷ್ಟ. ಹಳೇಬೀಡಿನ ಗೋಡೆಯ ಪಟ್ಟಿಕೆಗಳನ್ನು ನೆಟ್ಟಗಿನ ಫೋನಿನಲ್ಲಿ ತೋರಿಸುವುದು ಅಷ್ಟೇ ಕಷ್ಟ. ನೆಟ್ಟಗಿನದಕ್ಕೆಂದೇ ರಚಿಸಿದ್ದು ಹಾಗೆಯೇ ಇರಲಿ. ಅಗಲಕ್ಕೆ ರಚಿಸಿದ ಚಿತ್ರದ ನಡುವಿನ ಸೀಳನ್ನು ಕಿತ್ತು ಅಲ್ಲಿ ನಿಲ್ಲಿಸುವುದು ಬೇರೆ ಮಾತು. 2025ರ 'ಸಿನ್ನರ್ಸ್' ಚಿತ್ರದಲ್ಲಿ ರಯಾನ್ ಕೂಗ್ಲರ್ 2.76ರ ಅತ್ಯಗಲದಿಂದ ಐಮ್ಯಾಕ್ಸಿನ 1.43ರ ಎತ್ತರಕ್ಕೆ ಬೇಕೆಂದೇ ಜಿಗಿಯುತ್ತಾನೆ. ಆ ಜಿಗಿತವನ್ನು ಕಾಣಬೇಕಾದರೆ ಮೊದಲು ಕಪ್ಪು ಇರಬೇಕು; ಆಮೇಲೆ ಅದು ಹೋಗಬೇಕು.

ಅಕ್ಕನ ಮನೆಯಲ್ಲಿ ಇಷ್ಟನ್ನೆಲ್ಲ ನಾನು ಉಪನ್ಯಾಸ ಮಾಡಲಿಲ್ಲ. ಗೀತೆಯನ್ನು ಹಿಂದಕ್ಕೆ ಓಡಿಸಿ, ಗುಂಡಿಯನ್ನು ಮೊದಲಿನಂತೆ ಮಾಡಿ ಇನ್ನೊಮ್ಮೆ ನೋಡೋಣವೆಂದೆ. ಪಟ್ಟಿಗಳು ಮರಳಿದವು, ಅವರಿಬ್ಬರೂ ತಂತಮ್ಮ ದೂರಕ್ಕೆ ಹೋಗಿ ನಿಂತರು. ಅಳಿಯನ ಕಣ್ಣು ಮಾತ್ರ ಇನ್ನೂ ಪಟ್ಟಿಗಳ ಮೇಲೆಯೇ ಇತ್ತು. ಒಳಗಿನಿಂದ ಬಂದ ಅಕ್ಕನ ಅತ್ತೆಯವರು ಒಂದು ಗಳಿಗೆ ಪರದೆಯನ್ನೂ ಒಂದು ಗಳಿಗೆ ಚಾವಣಿಯನ್ನೂ ನೋಡಿ, "ಮೊದಲು ಆ ದೀಪ ಆರಿಸೋ ಮಗೂ. ಟಾಕೀಸಿನಲ್ಲಿ ದೀಪ ಹಾಕಿಕೊಂಡು ಯಾರಾದರೂ ಕೂರುತ್ತಾರೆಯೇ?" ಎಂದರು. ಅವನು ಎದ್ದು ಆರಿಸಿದ. ಕೋಣೆಯ ಕತ್ತಲೆಯಲ್ಲಿ ಪಟ್ಟಿಗಳು ಎಲ್ಲಿ ಮುಗಿದವು, ಗೋಡೆ ಎಲ್ಲಿ ಆರಂಭವಾಯಿತು ಎಂಬುದು ಕಾಣಿಸದೆ, ಆ ಬೆಳಕಿನ ಕೋಲೊಂದೇ ಉಳಿಯಿತು.